‘ಬೇಕಾಗಿದ್ದಾರೆ’: ಉದ್ಯೋಗ ಜಾಹೀರಾತು ಮತ್ತು ಸ್ತ್ರೀಸಮಾನತೆ

ದಿನಪತ್ರಿಕೆಯ ಕಿರುಜಾಹೀರಾತುಗಳ ಅಂಕಣವನ್ನು ಅಧ್ಯಯನಯೋಗ್ಯ ಬರವಣಿಗೆಯೆಂದು ಯಾರೂ ಭಾವಿಸುವುದಿಲ್ಲ. ಆದರೂ ಒಂದು ಊರಿನ ಮನಸ್ಸನ್ನು ಅರಿಯಬಯಸುವವರು ಸಂಪಾದಕೀಯಕ್ಕಿಂತ ಮೊದಲು ಅದನ್ನು ಓದುವುದು ಲೇಸು. ‘ಲೆಕ್ಕ ಬರೆಯಲು ಅನುಭವವುಳ್ಳ ಪುರುಷರು ಬೇಕಾಗಿದ್ದಾರೆ’, ‘ಸ್ವಾಗತಕಾರಿಣಿ ಹುದ್ದೆಗೆ ಲಕ್ಷಣವಾದ ಅವಿವಾಹಿತ ಯುವತಿಯರು ಬೇಕಾಗಿದ್ದಾರೆ’ ಎಂಬ ಮಾದರಿಯ ಸಾಲುಗಳು ನಮಗೆಲ್ಲ ಪರಿಚಿತವಾದವು. ಲೆಕ್ಕ ಬರೆಯುವುದಕ್ಕೂ ಪುರುಷನಾಗಿರುವುದಕ್ಕೂ, ಬಂದವರನ್ನು ಕುಳ್ಳಿರಿಸಿ ವಿಚಾರಿಸುವುದಕ್ಕೂ ಅವಿವಾಹಿತೆಯಾಗಿರುವುದಕ್ಕೂ ಏನು ಸಂಬಂಧವೆಂದು ಅವನ್ನು ಬರೆಸಿದವರು ತಮ್ಮನ್ನು ತಾವು ಕೇಳಿಕೊಂಡಿರಲಾರರು.

ಈ ದೋಷದಿಂದ ನಾನೂ ಮುಕ್ತನಲ್ಲ. ಹಲವು ವರ್ಷಗಳ ಹಿಂದೆ ಸಂಸ್ಥೆಯೊಂದರ ಪರವಾಗಿ ಜಾಹೀರಾತಿನ ಕರಡನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ‘ಗುಮಾಸ್ತನು ಬೇಕಾಗಿದ್ದಾನೆ’ ಎಂದು ಸರಾಗವಾಗಿ ಬರೆದು ಬೆರಳಚ್ಚಿಗೆ ಕೊಟ್ಟೆ. ಬೆರಳಚ್ಚು ಮಾಡುತ್ತಿದ್ದ ಹೆಣ್ಣುಮಗಳು ಅರ್ಧಕ್ಕೆ ನಿಲ್ಲಿಸಿ, “ಸರ್, ಹಾಗಾದರೆ ನಾನು ಅರ್ಜಿ ಹಾಕುವಂತಿಲ್ಲವೇ?” ಎಂದು ಕೇಳಿದರು. ಆ ಗುಮಾಸ್ತಿಕೆಯನ್ನು ಎರಡು ವರ್ಷಗಳಿಂದ ತಾತ್ಕಾಲಿಕವಾಗಿ ನಿರ್ವಹಿಸುತ್ತಿದ್ದವರು ಅವರೇ.

ಇಲ್ಲಿ ಭಾಷೆಯ ತಪ್ಪು ಎಳ್ಳಷ್ಟೂ ಇಲ್ಲವೆಂಬುದನ್ನು ಕನ್ನಡ ಅಧ್ಯಾಪಕರು ಗಮನಿಸಬೇಕು. ಅವನು, ಅವಳು ಎಂದು ಏಕವಚನದಲ್ಲಿ ಬೇರೆಯಾಗುವ ಲಿಂಗವು ಬಹುವಚನದಲ್ಲಿ ‘ಅವರು’ ಎಂದು ಒಂದಾಗುತ್ತದೆ. ‘ಶಿಕ್ಷಕರು’, ‘ಗುಮಾಸ್ತರು’, ‘ಚಾಲಕರು’ ಎಂದೊಡನೆ ಹೆಣ್ಣು ಗಂಡುಗಳಿಬ್ಬರೂ ಅದರೊಳಗೆ ಬಂದುಬಿಡುತ್ತಾರೆ. ಕ್ರಿಯಾಪದವೂ ತಕರಾರು ಮಾಡುವುದಿಲ್ಲ. ಮರ್ಯಾದೆಯ ರೂಪವೇ ಸಮಾನತೆಯ ರೂಪವೂ ಆಗಿರುವ ಇಂಥ ಅನುಕೂಲ ಎಲ್ಲ ಭಾಷೆಗಳಿಗೂ ಇಲ್ಲ. ‘ಕಾಯಕ’ವೆಂಬ ಪದವೂ ಅಂಥದೇ, ನೂಲು ತೆಗೆಯುತ್ತಿದ್ದ ಕದಿರ ರೆಮ್ಮವ್ವೆಯ ಕಾಯಕಕ್ಕೆ ಬೇರೊಂದು ಹೆಸರಿರಲಿಲ್ಲ. ಇಷ್ಟಿದ್ದೂ ನಾವು ಪ್ರಯತ್ನಪೂರ್ವಕವಾಗಿ ‘ಪುರುಷರು ಮಾತ್ರ’ ಎಂದು ಸೇರಿಸುತ್ತೇವೆ.

ದೊಡ್ಡ ಉದ್ಯಮಗಳೂ ಇದನ್ನೇ ಮಾಡಿದ್ದುಂಟು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಓದುತ್ತಿದ್ದ, ಶಿಗ್ಗಾವಿ ಮೂಲದ ಸುಧಾ ಕುಲಕರ್ಣಿಯವರು ಸೂಚನಾಫಲಕದಲ್ಲಿ ಟೆಲ್ಕೊ ಕಂಪನಿಯ ಪ್ರಕಟಣೆಯನ್ನು ಕಂಡರು. ಮಹಿಳಾ ಅಭ್ಯರ್ಥಿಗಳು ಅರ್ಜಿ ಸಲ್ಲಿಸಬೇಕಾಗಿಲ್ಲವೆಂದು ಅದರ ಕೊನೆಯಲ್ಲಿ ಅಚ್ಚಾಗಿತ್ತು. ಅವರು ಜೆ. ಆರ್. ಡಿ. ಟಾಟಾ ಅವರಿಗೆ ಒಂದು ಅಂಚೆಕಾರ್ಡು ಬರೆದು ಆಕ್ಷೇಪಿಸಿದ್ದು, ಪುಣೆಗೆ ಸಂದರ್ಶನಕ್ಕೆ ಕರೆ ಬಂದದ್ದು, ಕೆಲಸ ದೊರೆತದ್ದು ಈಗ ಮನೆಮಾತಾಗಿದೆ. ಮುಂದೆ ಸುಧಾ ಮೂರ್ತಿಯೆಂದು ಪ್ರಸಿದ್ಧರಾದವರು ಇವರೇ. ಆದರೆ ಆ ಸಾಲನ್ನು ಓದಿ ಅಂಚೆಕಾರ್ಡು ಬರೆಯದೆ ಸುಮ್ಮನೆ ಮುಂದೆ ನಡೆದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಇದಕ್ಕಿಂತ ವಿಸ್ತಾರವಾಗಿ ತಿಳಿಯಬೇಕಾದದ್ದು ಕೊಡಗಿನ ವಿರಾಜಪೇಟೆಯ ಸಿ. ಬಿ. ಮುತ್ತಮ್ಮನವರ ವೃತ್ತಾಂತ. 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಯನ್ನು ಪ್ರವೇಶಿಸಿದ ಪ್ರಥಮ ಮಹಿಳೆ ಅವರು. ಮದುವೆಯಾದರೆ ರಾಜೀನಾಮೆ ಕೊಡುವುದಾಗಿ ಸೇರುವಾಗಲೇ ಅವರಿಂದ ಮುಚ್ಚಳಿಕೆ ಬರೆಸಿಕೊಳ್ಳಲಾಗಿತ್ತು. ಆ ಸೇವೆಯ 1961ರ ನಿಯಮಗಳಂತೆ ಮಹಿಳಾ ಅಧಿಕಾರಿಯು ವಿವಾಹಕ್ಕೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಾಗಿತ್ತು. ಸಂಸಾರದ ಹೊಣೆಯಿಂದ ಕರ್ತವ್ಯಕ್ಕೆ ಅಡ್ಡಿಯಾದೀತೆಂದು ಸರ್ಕಾರಕ್ಕೆ ತೋರಿದರೆ ಆಕೆ ಹುದ್ದೆಯನ್ನು ಬಿಡಬೇಕಾಗುತ್ತಿತ್ತು. ವಿವಾಹಿತ ಸ್ತ್ರೀಗೆ ನೇಮಕಾತಿಯ ಹಕ್ಕೇ ಇಲ್ಲವೆಂದೂ ಇನ್ನೊಂದು ನಿಯಮ ಹೇಳಿತ್ತು. ಪುರುಷರಿಗೆ ಇಂಥ ಷರತ್ತುಗಳಿರಲಿಲ್ಲ. ಬಡ್ತಿಯಲ್ಲಿ ಹಿಂದೆ ಹಾಕಲ್ಪಟ್ಟಾಗ ಮುತ್ತಮ್ಮನವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ವಿಚಾರಣೆಯ ಹೊತ್ತಿಗೆ ಸರ್ಕಾರವು ಬಡ್ತಿಯನ್ನು ನೀಡಿದ್ದರಿಂದ 1979ರಲ್ಲಿ ಅರ್ಜಿಯೇನೋ ವಜಾ ಆಯಿತು. ಆದರೆ ಸಂಸಾರದ ಹೊಣೆ ಹೆಣ್ಣಿನ ಕರ್ತವ್ಯಕ್ಕೆ ಅಡ್ಡಿಯಾಗುವುದಾದರೆ ಗಂಡಿಗೂ ಅಡ್ಡಿಯಾದೀತಲ್ಲವೆ ಎಂದು ಪ್ರಶ್ನಿಸಿದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು, ಸೇವಾನಿಯಮಗಳಲ್ಲಿನ ಲಿಂಗತಾರತಮ್ಯದ ಕಲೆಯನ್ನು ಅಳಿಸಬೇಕೆಂದು ಒತ್ತಿ ಹೇಳಿದರು. ಅರ್ಜಿ ಸೋತರೂ ಅರ್ಜಿದಾರರು ಗೆದ್ದ ಅಪರೂಪದ ಮೊಕದ್ದಮೆ ಇದು.

ನ್ಯಾಯಾಲಯದ ನಡೆ ಯಾವಾಗಲೂ ಇಷ್ಟು ನೇರವಾಗಿರಲಿಲ್ಲ. 1981ರ ನರ್ಗೀಸ್ ಮೀರ್ಜಾ ಪ್ರಕರಣದಲ್ಲಿ ಗಗನಸಖಿಯರನ್ನು ಮೊದಲ ಬಸಿರಿನೊಡನೆ ಮನೆಗೆ ಕಳಿಸುವ ನಿಯಮವು ರದ್ದಾಯಿತಾದರೂ ಸೇವೆಯ ಮೊದಲ ನಾಲ್ಕು ವರ್ಷ ಮದುವೆಯಾಗಬಾರದೆಂಬ ನಿಯಮವು ಉಳಿಯಿತು. 1987ರಲ್ಲಿ ಆಡ್ರೆ ಡಿಕೋಸ್ಟಾ ಅವರ ಪ್ರಕರಣದಲ್ಲಿ, ಒಂದೇ ಬಗೆಯ ಕೆಲಸ ಮಾಡುವ ಮಹಿಳಾ ಶೀಘ್ರಲಿಪಿಗಾರರಿಗೆ ಕಡಿಮೆ ಸಂಬಳ ಕೊಡಲು ಕಂಪನಿಯ ಬಡತನವು ನೆಪವಾಗಲಾರದೆಂದು ತೀರ್ಪಾಯಿತು. ತೀರ್ಪಿಗೆ ಆಧಾರವಾದ 1976ರ ಸಮಾನ ವೇತನ ಕಾಯಿದೆಯು ವೇತನದಲ್ಲಷ್ಟೇ ಅಲ್ಲ, ನೇಮಕಾತಿಯಲ್ಲಿಯೂ ತಾರತಮ್ಯವನ್ನು ನಿಷೇಧಿಸಿತ್ತು. ಅದರ ಸ್ಥಾನದಲ್ಲಿ ನಿಲ್ಲಲು ರಚಿತವಾದ 2019ರ ವೇತನ ಸಂಹಿತೆಯಲ್ಲಿಯೂ ಆ ನಿಷೇಧವಿದೆ.

ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಅಂಗಡಿ, ಗಿರಣಿ, ಆಸ್ಪತ್ರೆಗಳನ್ನು ನಡೆಸುವವರು ಅನೇಕರಿದ್ದಾರೆ. ಅವರ ತೊಡಕನ್ನು ನಾನು ಹಗುರಾಗಿ ಕಾಣುವುದಿಲ್ಲ. 2017ರ ತಿದ್ದುಪಡಿಯಂತೆ ಮೊದಲೆರಡು ಮಕ್ಕಳಿಗೆ ಹೆರಿಗೆ ರಜೆ 26 ವಾರಗಳು. ಕಾರ್ಮಿಕ ರಾಜ್ಯ ವಿಮೆಯ ವ್ಯಾಪ್ತಿಗೆ ಬರುವವರಿಗೆ ಆ ಹಣವನ್ನು ವಿಮಾ ನಿಗಮವು ಕೊಡುತ್ತದೆ. ಉಳಿದವರ ವಿಷಯದಲ್ಲಿ ಪೂರ್ಣ ಭಾರ ಮಾಲೀಕರದೇ. ಸಣ್ಣ ವ್ಯವಹಾರಸ್ಥರು ಹಿಂಜರಿಯುವುದಕ್ಕೆ ಇದೊಂದು ನಿಜವಾದ ಕಾರಣ. ಈ ಭಾರವನ್ನು ಸಮಾಜವೆಲ್ಲ ಹಂಚಿಕೊಳ್ಳಬೇಕೆಂದು ವಾದಿಸುವುದು ನ್ಯಾಯವೇ. ಅದನ್ನು ತಪ್ಪಿಸಿಕೊಳ್ಳಲು ಹೆಣ್ಣನ್ನೇ ಬಾಗಿಲ ಹೊರಗೆ ನಿಲ್ಲಿಸುವುದು ನ್ಯಾಯವಲ್ಲ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರುಗಳಿಗಾಗಿ ಆಂತರಿಕ ಸಮಿತಿ ಇರಬೇಕೆಂಬ 2013ರ ಕಾಯಿದೆಯು ಶಾಲೆಗಳಿಗೂ ಅನ್ವಯಿಸುತ್ತದೆಂಬುದನ್ನು ಆಡಳಿತ ಮಂಡಳಿಗಳು ಮರೆಯಬಾರದು.

ಆ ಕರಡಿನ ವಿಷಯಕ್ಕೆ ಮರಳುತ್ತೇನೆ. ‘ಗುಮಾಸ್ತರು ಬೇಕಾಗಿದ್ದಾರೆ’ ಎಂದು ತಿದ್ದಿ ಕೊಟ್ಟೆ. ಅದು ಹಾಗೆಯೇ ಅಚ್ಚಾಯಿತು. ಆ ಹೆಣ್ಣುಮಗಳು ಅರ್ಜಿ ಹಾಕಿದರು. ಸಂದರ್ಶನ ಮಂಡಳಿಯಲ್ಲಿ ನಾನೂ ಕುಳಿತಿದ್ದೆ. ಲೆಕ್ಕಪತ್ರದ ಬಗೆಗೆ ಒಂದೆರಡು ಪ್ರಶ್ನೆಗಳಾದ ಮೇಲೆ ಹಿರಿಯರೊಬ್ಬರು, “ಮದುವೆ ಯಾವಾಗಮ್ಮ? ಆಮೇಲೆ ಈ ಊರಲ್ಲೇ ಇರುತ್ತೀಯಾ?” ಎಂದು ಕೇಳಿದರು. ಅನಂತರ ಬಂದ ಮೂವರು ಯುವಕರಿಗೆ ಆ ಪ್ರಶ್ನೆ ಬರಲಿಲ್ಲ. ಹುದ್ದೆ ಅವರಲ್ಲೊಬ್ಬನಿಗೆ ಹೋಯಿತು. ಕರಡನ್ನು ತಿದ್ದಿದ ನಾನು ಆ ಹೊತ್ತಿನಲ್ಲಿ ಬಾಯಿ ತೆರೆಯಲಿಲ್ಲ. ಹೊಸ ಗುಮಾಸ್ತನಿಗೆ ಲೆಕ್ಕದ ಪುಸ್ತಕಗಳನ್ನು ಒಂದು ವಾರ ಕುಳಿತು ವಿವರಿಸಿಕೊಟ್ಟವರೂ ಆಕೆಯೇ.