ಮಾರುವವರ ಗಲ್ಲಾ, ಮಾಡುವವರ ಕೂಲಿ

ಕೈಯಿಂದ ಮಾಡಿದ ವಸ್ತುಗಳನ್ನು ಮಾರುವ ಚಿಕ್ಕ ಅಂಗಡಿಯೊಂದನ್ನು ನಮ್ಮ ಬೀದಿಯಲ್ಲೇ ತೆರೆದರೆ ಹೇಗೆ? ಮುಂದಿನ ಕೋಣೆ ಖಾಲಿ ಬಿದ್ದಿರುವ ಮನೆಗಳಲ್ಲಿ, ನಿವೃತ್ತಿಯ ಹಣ ಕೈಗೆ ಬಂದವರಲ್ಲಿ, ಮಕ್ಕಳು ದೊಡ್ಡವರಾದ ಮೇಲೆ ಏನಾದರೂ ಮಾಡಬೇಕೆನ್ನುವ ತಾಯಂದಿರಲ್ಲಿ ಈ ಯೋಚನೆ ಆಗಾಗ ಮೂಡುತ್ತದೆ. ಯೋಚನೆ ಒಳ್ಳೆಯದೇ. ಚನ್ನಪಟ್ಟಣದ ಬೊಂಬೆ, ಇಳಕಲ್ ಸೀರೆ, ಬೀದರಿನ ಬಿದರಿ ಸಾಮಾನು, ಸಂಡೂರಿನ ಲಂಬಾಣಿ ಕಸೂತಿ, ಮೇದಾರರ ಬುಟ್ಟಿ, ಕುಂಬಾರರ ಹೂಕುಂಡ – ನಮ್ಮ ನಾಡಿನಲ್ಲಿ ಸರಕಿಗೆ ಕೊರತೆಯಿಲ್ಲ.

ಆದರೆ ಬಾಗಿಲು ತೆರೆಯುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು. ವಸ್ತು ಮಾರಾಟವಾಗುವ ತನಕ ಕಾಯುವ ಭಾರ ಯಾರ ಹೆಗಲ ಮೇಲೆ? ಅಂಗಡಿಯವರ ಮೇಲೋ, ಮಾಡಿದವರ ಮೇಲೋ? ಇಂಥ ಅಂಗಡಿ ನ್ಯಾಯವಾಗಿ ನಡೆಯುತ್ತದೆಯೋ ಇಲ್ಲವೋ ಎಂಬುದು ಈ ಉತ್ತರದಲ್ಲಿದೆ.

ಒಂದು ಬೊಂಬೆಯ ಹಿಂದೆ

ಚನ್ನಪಟ್ಟಣದ ಬೊಂಬೆಯನ್ನೇ ನೋಡಿ. ಹಾಲೆ ಮರವನ್ನು ತಂದು, ಕೊಯ್ದು, ತಿಂಗಳುಗಟ್ಟಲೆ ಒಣಗಿಸಬೇಕು. ಒಣಗಿದ ತುಂಡನ್ನು ಕಡಚಲು ಯಂತ್ರಕ್ಕೆ ಕೊಟ್ಟು ಉಳಿಯಿಂದ ಆಕಾರ ತೆಗೆಯುತ್ತಾರೆ. ಅದು ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಗೆ ಕೇದಗೆಯ ಗರಿ ಹಿಡಿದು ಹೊಳಪು ಕೊಡುತ್ತಾರೆ.

ಇಷ್ಟೂ ಆಗುವ ಹೊತ್ತಿಗೆ ಮರದವನಿಗೆ, ಅರಗಿನವನಿಗೆ, ಕರೆಂಟಿಗೆ ಹಣ ಕೊಟ್ಟಾಗಿದೆ. ಬೊಂಬೆ ನಿಮ್ಮ ಅಂಗಡಿಗೆ ಬರುವ ಮೊದಲೇ ಆ ಮನೆಯ ಹಣ ಹಲವು ವಾರ ಅದರಲ್ಲಿ ಸಿಕ್ಕಿಕೊಂಡಿದೆ. ಅದು ನಿಮ್ಮ ಕಪಾಟಿನಲ್ಲಿ ಇನ್ನೂ ಮೂರು ತಿಂಗಳು ಕುಳಿತರೆ ಆ ಮನೆಯ ರೇಷನ್ನು, ಶಾಲೆಯ ಫೀಸು ಯಾರು ನೋಡಬೇಕು?

ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅವರು 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತು, ಕುಶಲಕರ್ಮಿಗಳಿಗಾಗಿ ದಶಕಗಳ ಕಾಲ ದುಡಿದರು. ಕುಶಲಕರ್ಮಿಗೆ ಕೌಶಲವಿದ್ದರೆ ಸಾಲದು, ನ್ಯಾಯವಾದ ಮಾರುಕಟ್ಟೆಯೂ ಬೇಕು. ನಿಮ್ಮ ಪುಟ್ಟ ಅಂಗಡಿಯೂ ಅಂಥದೊಂದು ಮಾರುಕಟ್ಟೆಯೇ.

ಕೊಂಡು ಮಾರುವುದೇ, ಇಟ್ಟು ಮಾರುವುದೇ?

ಸರಕು ತರಲು ಎರಡು ದಾರಿಗಳಿವೆ. ಹಣ ಕೊಟ್ಟು ಕೊಂಡು ಮಾರುವುದು ಒಂದು. ಮಾಡಿದವರು ತಂದಿಟ್ಟ ಸರಕನ್ನು ಮಾರಿ, ಮಾರಿದ ಮೇಲೆ ಹಣ ಕೊಡುವುದು ಇನ್ನೊಂದು. ಮೊದಲನೆಯದರಲ್ಲಿ ಕಾಯುವ ಭಾರ ನಿಮ್ಮದು, ಎರಡನೆಯದರಲ್ಲಿ ಅವರದು. ಬಂಡವಾಳ ಕಡಿಮೆಯಿರುವವರು ಎರಡನೆಯದನ್ನೇ ಹಿಡಿಯುವುದು ಸಹಜ. ಅದು ತಪ್ಪಲ್ಲ, ಆದರೆ ಅದಕ್ಕೆ ಕಟ್ಟುಪಾಡು ಬೇಕು.

1. ಅಗ್ಗದ, ಬೇಗ ಮಾರುವ ವಸ್ತುಗಳನ್ನು ಐದೋ ಹತ್ತೋ ಮಾತ್ರ, ನಗದು ಕೊಟ್ಟೇ ಕೊಳ್ಳಿ. ಬೆಲೆಬಾಳುವ, ನಿಧಾನಕ್ಕೆ ಮಾರುವ ವಸ್ತುಗಳನ್ನಷ್ಟೇ ಇಟ್ಟುಕೊಂಡು ಮಾರಿ.

2. ಬಾಯಿಮಾತು ಸಾಲದು. ವಸ್ತುಗಳ ಪಟ್ಟಿ, ಬೆಲೆ, ಇಬ್ಬರ ಪಾಲು, ಹಣ ಕೊಡುವ ತಾರೀಖು, ಒಡೆದರೆ ಯಾರ ನಷ್ಟ, ಎಷ್ಟು ದಿನದ ಮೇಲೆ ವಾಪಸು – ಇಷ್ಟನ್ನೂ ಕನ್ನಡದಲ್ಲಿ ಎರಡು ಪ್ರತಿ ಬರೆದು ಇಬ್ಬರೂ ಸಹಿ ಹಾಕಿ. ಓದಲು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿ. ನಿಮ್ಮ ಅಂಗಡಿಯಲ್ಲಿದ್ದಾಗ ಒಡೆದದ್ದು ನಿಮ್ಮ ನಷ್ಟವೆಂದು ಒಪ್ಪಿಕೊಳ್ಳುವುದೇ ನ್ಯಾಯ.

3. ಇಟ್ಟು ಮಾರಿದ ಸರಕಿನ ಹಣದಲ್ಲಿ ಮಾಡಿದವರ ಪಾಲನ್ನು ಅದೇ ಸಂಜೆ ಬೇರೆ ಡಬ್ಬಿಯಲ್ಲೋ ಬೇರೆ ಬ್ಯಾಂಕ್ ಖಾತೆಯಲ್ಲೋ ಇಡಿ.

ಈ ಮೂರನೆಯ ಮಾತನ್ನು ಮತ್ತೊಮ್ಮೆ ಓದಿ. ಬಾಡಿಗೆ ಕಟ್ಟುವ ದಿನ ಗಲ್ಲಾದಲ್ಲಿರುವ ಹಣವೆಲ್ಲ ನಮ್ಮದೇ ಎಂದು ಕಾಣುತ್ತದೆ. ‘ಮುಂದಿನ ವಾರ ಕೊಟ್ಟರಾಯಿತು’ ಎಂದುಕೊಳ್ಳುತ್ತೇವೆ. ಮೋಸ ಮಾಡುವ ಮನಸ್ಸು ಯಾರಿಗೂ ಇರುವುದಿಲ್ಲ. ಆದರೆ ಮೂರು ತಿಂಗಳಲ್ಲಿ ಹತ್ತು ಮನೆಗಳ ಬಾಕಿ ಬೆಳೆದಿರುತ್ತದೆ. ಆಮೇಲೆ ಅವರು ಫೋನ್ ಮಾಡಿದರೆ ಎತ್ತಲು ಕೈ ಬಾರದು.

ಬೆಲೆ ಕಟ್ಟುವ ಲೆಕ್ಕ

ಉದಾಹರಣೆಗೆ ಒಂದು ಆಟಿಕೆಯನ್ನು ತೆಗೆದುಕೊಳ್ಳೋಣ. ಮರ, ಅರಗು 70 ರೂ., ಎರಡು ಗಂಟೆಯ ಕೂಲಿ ಗಂಟೆಗೆ 75ರಂತೆ 150 ರೂ., ಕರೆಂಟು, ಉಪಕರಣದ ಸವಕಳಿ, ಬಸ್ ಚಾರ್ಜು 20 ರೂ. ಒಟ್ಟು 240 ರೂ. ಇದು ಮಾಡಿದವರಿಗೆ ಸಲ್ಲಬೇಕಾದದ್ದು. ಇಲ್ಲಿ ಕೂಲಿಯನ್ನು ಬರೆಯದೆ ಬಿಡುವವರೇ ಹೆಚ್ಚು. ಮನೆಯಲ್ಲಿ ಕುಳಿತು ಕಸೂತಿ ಹಾಕುವ ಹೆಂಗಸರು ನೂಲಿನ ಬೆಲೆ ಹೇಳುತ್ತಾರೆಯೇ ಹೊರತು ತಮ್ಮ ಹೊತ್ತಿನ ಬೆಲೆ ಹೇಳುವುದಿಲ್ಲ. ನೀವೇ ಕೇಳಿ, ನೀವೇ ಬರೆಸಿ.

ಮಾರುವ ಬೆಲೆಯಲ್ಲಿ ನೂರಕ್ಕೆ 40 ಅಂಗಡಿಯ ಪಾಲು ಎಂದಿಟ್ಟುಕೊಂಡರೆ ಬೆಲೆ 400 ರೂ., ನಿಮ್ಮ ಪಾಲು 160. ಇಲ್ಲಿ ಅನೇಕರು ಎಡವುತ್ತಾರೆ. 240ರ ಮೇಲೆ ನೂರಕ್ಕೆ 40 ಸೇರಿಸಿ 336ಕ್ಕೆ ಮಾರಿದರೆ ನಿಮಗೆ ಉಳಿಯುವುದು 96 ಮಾತ್ರ. ಅದು ಮಾರುವ ಬೆಲೆಯ ನೂರಕ್ಕೆ 29ಕ್ಕಿಂತ ಕಡಿಮೆ.

ಬಾಡಿಗೆ, ಕರೆಂಟು, ಸಹಾಯಕರ ಸಂಬಳ ಸೇರಿ ತಿಂಗಳಿಗೆ 16,000 ರೂ. ಖರ್ಚೆಂದರೆ, ಅಂಥ ನೂರು ಆಟಿಕೆ ಮಾರಿದ ಮೇಲಷ್ಟೇ ನಿಮ್ಮ ಲಾಭ ಶುರು. 26 ದಿನ ಬಾಗಿಲು ತೆರೆದರೆ ದಿನಕ್ಕೆ ನಾಲ್ಕು. ನಿಮ್ಮ ಬೀದಿಯಲ್ಲಿ ಅಷ್ಟು ಗಿರಾಕಿಗಳಿದ್ದಾರೆಯೇ? ಸ್ವಂತ ಕೋಣೆಯಾದರೂ ಬಾಡಿಗೆಯನ್ನು ಲೆಕ್ಕದಲ್ಲಿ ಬರೆಯಿರಿ.

ಹಬ್ಬಕ್ಕೆ ನೂರಕ್ಕೆ 20 ರಿಯಾಯಿತಿ ಕೊಟ್ಟಿರೆನ್ನೋಣ. 320ಕ್ಕೆ ಮಾರಿದರೂ ಮಾಡಿದವರಿಗೆ 240 ಸಂದಾಯವಾಗಲೇಬೇಕು. ರಿಯಾಯಿತಿ ಕೊಡುವುದು ನಮ್ಮ ಔದಾರ್ಯವಾದರೆ ಅದು ನಮ್ಮ ಪಾಲಿನಿಂದಲೇ ಬರಬೇಕಲ್ಲವೇ?

ಕಾನೂನು ಏನೆನ್ನುತ್ತದೆ?

2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯ ಪ್ರಕಾರ, ನೋಂದಾಯಿತ ಸಣ್ಣ ಉದ್ಯಮದಿಂದ ಸರಕು ಕೊಂಡವರು ಬರಹದ ಒಪ್ಪಂದವಿದ್ದರೂ 45 ದಿನಕ್ಕಿಂತ ಹೆಚ್ಚು ತಡ ಮಾಡುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ಮೀರಿದರೆ ಬಡ್ಡಿ ಸೇರುತ್ತದೆ.

ಆಟಿಕೆ ಮಾರುವವರು ಇನ್ನೊಂದನ್ನು ತಿಳಿದಿರಬೇಕು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗಳಿಗೆ ವಿನಾಯಿತಿಯಿದೆ. ಆದ್ದರಿಂದ ಅವರ ನೋಂದಣಿ ಪತ್ರದ ನಕಲನ್ನು ಕಡತದಲ್ಲಿಟ್ಟುಕೊಳ್ಳಿ.

ಗಿರಾಕಿಗೆ ಸತ್ಯ

ಯಂತ್ರದಲ್ಲಿ ಅಚ್ಚಾದ ಸೀರೆಯನ್ನು ಕೈಮಗ್ಗದ ಸೀರೆಗಳ ನಡುವೆ ಮಡಿಚಿಡಬೇಡಿ. ಒಂದು ಸುಳ್ಳು ಉಳಿದ ತೊಂಬತ್ತೊಂಬತ್ತನ್ನೂ ಅನುಮಾನಕ್ಕೆ ಗುರಿಮಾಡುತ್ತದೆ. ಒಪ್ಪಿಗೆ ಪಡೆದು ಮಾಡಿದವರ ಹೆಸರನ್ನು ಚೀಟಿಯಲ್ಲಿ ಬರೆಯಿರಿ. ವಸ್ತುವನ್ನು ಕಾಪಾಡುವ ಬಗೆಯನ್ನೂ ಹೇಳಿ ಕಳಿಸಿ. ಅರಗಿನ ಬೊಂಬೆಯನ್ನು ಬಿಸಿಲಿಗೆ ಇಡಬಾರದು. ಬಿದರಿ ಸಾಮಾನನ್ನು ಹಿತ್ತಾಳೆಯಂತೆ ಹುಣಸೆಹಣ್ಣು ಹಾಕಿ ತಿಕ್ಕಬಾರದು, ಮೃದುವಾದ ಬಟ್ಟೆಗೆ ತುಸು ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು.

ಸೂರ್ಯ ಮುಳುಗುವ ಮುನ್ನ

ಬಡ ಕೂಲಿಯಾಳಿನ ಕೂಲಿಯನ್ನು ಅದೇ ದಿನ, ಸೂರ್ಯ ಮುಳುಗುವ ಮುನ್ನ ಕೊಡಬೇಕೆಂಬ ಕಟ್ಟಳೆ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿದೆ. ಅದಕ್ಕೆ ಅಲ್ಲಿ ಕೊಟ್ಟಿರುವ ಕಾರಣ ಸರಳವಾದದ್ದು. ಆತ ಬಡವ, ಆ ಕೂಲಿಯನ್ನೇ ನೆಚ್ಚಿಕೊಂಡಿದ್ದಾನೆ. ಬೊಂಬೆ ಮಾಡುವವರು ನಮ್ಮ ಆಳುಗಳಲ್ಲ ನಿಜ, ಆದರೆ ಅವರೂ ಹಾಗೆಯೇ ನೆಚ್ಚಿಕೊಂಡಿದ್ದಾರೆ. ಅಂಗಡಿ ಚಿಕ್ಕದಾಗಿದ್ದರೆ ಚಿಂತೆಯಿಲ್ಲ, ಹೇಳಿದ ತಾರೀಖಿಗೆ ಹಣ ತಲುಪಿಸುವ ಅಂಗಡಿಗೆ ಒಳ್ಳೆಯ ಸರಕು ತಾನಾಗಿ ಹುಡುಕಿಕೊಂಡು ಬರುತ್ತದೆ.

ಮನೆಯಲ್ಲಿ ಚರ್ಚಿಸಲು

1. ನಮ್ಮ ಮನೆಯಲ್ಲಿರುವ ಕೈಯಿಂದ ಮಾಡಿದ ವಸ್ತುಗಳಲ್ಲಿ ಎಷ್ಟನ್ನು ಮಾಡಿದವರು ಯಾರೆಂದು ನಮಗೆ ಗೊತ್ತು?

2. ದೊಡ್ಡ ಅಂಗಡಿಯಲ್ಲಿ ಮರುಮಾತಿಲ್ಲದೆ ಹಣ ಕೊಡುವ ನಾವು ಬುಟ್ಟಿ ಮಾರುವ ಅಜ್ಜಿಯ ಹತ್ತಿರ ಚೌಕಾಸಿ ಮಾಡುವುದೇಕೆ?

3. ಹೊಲಿಗೆಯವರಿಗೋ ಬಡಗಿಗೋ ನಾವು ಕೊಡಬೇಕಾದ ಬಾಕಿ ಏನಾದರೂ ಇದೆಯೇ? ಇದ್ದರೆ ಈ ವಾರವೇ ಕೊಡಲು ಸಾಧ್ಯವೇ?