ಪುಂಡಿ ಪಲ್ಲೆಯೂ ಮನೆಯವರ ಆರೋಗ್ಯವೂ

(ಓದಬಲ್ಲವರು ಸಾಯಂಕಾಲದಲ್ಲಿ ಮನೆಯವರನ್ನೂ ನೆರೆಯವರನ್ನೂ ಕೂಡಿಸಿಕೊಂಡು ಓದಿ ಹೇಳತಕ್ಕ ಪಾಠ)



ಹುಮನಾಬಾದಿನ ದಾರಿಯಲ್ಲಿ ಬೆಳಗಿನ ಜಾವ ನಿಂತು ನೋಡಿದವರಿಗೆ ಒಂದು ಸಂಗತಿ ಕಾಣುವದು. ಕಮಲಾಪುರದ ಸುತ್ತಣ ಹಳ್ಳಿಗಳಿಂದ ಪುಂಡಿ, ಮೆಂತೆ, ರಾಜಗಿರಿಗಳ ಕಟ್ಟುಗಳೂ ಬದನೆ ಬೆಂಡೆಗಳ ಬುಟ್ಟಿಗಳೂ ಆ ಊರಿನ ಹೆಸರನ್ನು ಹೊತ್ತ ಕೆಂಪು ಬಾಳೆಯ ಗೊನೆಗಳೂ ಕಲಬುರಗಿಯ ಪೇಟೆಗೆ ಹೋಗುತ್ತವೆ. ಮಧ್ಯಾಹ್ನಕ್ಕೆ ಅದೇ ಬುಟ್ಟಿಗಳು ತಿರಿಗಿ ಬರುವಾಗ ಅವುಗಳಲ್ಲಿ ಚಹದ ಪುಡಿ, ಸಕ್ಕರೆ, ಮಕ್ಕಳಿಗೆ ಬಿಸ್ಕೀಟಿನ ಪೊಟ್ಟಣಗಳು ಇರುತ್ತವೆ. ಆ ರಾತ್ರಿ ಪಲ್ಲೆ ಬೆಳೆದವಳ ಮನೆಯಲ್ಲಿ ರೊಟ್ಟಿಯೂ ಖಾರವೂ ಮಾತ್ರ. ಹೊಲದವರು ಬೆಳೆದ ಪಲ್ಲೆಯನ್ನು ಪೇಟೆಯವರು ಉಂಡರು. ಬೆಳೆದವಳ ಮಕ್ಕಳು ಪೊಟ್ಟಣವನ್ನು ಹರಿದರು. ಮಾರುವದು ತಪ್ಪೇ? ಅಲ್ಲ. ರೊಕ್ಕವಿಲ್ಲದೆ ಯಾರ ಸಂಸಾರವೂ ನಡೆಯದು. ಆದರೆ ಮನೆಯ ಗಡಿಗೆಗೆ ಒಂದು ಕಟ್ಟನ್ನೂ ಉಳಿಸದೆ ಎಲ್ಲವನ್ನೂ ಮಾರುವದರಿಂದ ಆಗುವ ನಷ್ಟವೆಷ್ಟೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ರಕ್ತದ ಕೊರತೆ

ನಮ್ಮ ಸ್ತ್ರೀಯರಲ್ಲಿ ಅನೇಕರು ಎರಡು ಕೊಡ ನೀರು ತರುವಷ್ಟರಲ್ಲಿ ಏದುಸಿರು ಬಿಡುತ್ತಾರೆ. ಕಣ್ಣಿನ ಕೆಳರೆಪ್ಪೆಯ ಒಳಭಾಗ ಬೆಳ್ಳಗಾಗಿರುತ್ತದೆ, ತಲೆ ತಿರುಗುತ್ತದೆ. ಇದಕ್ಕೆ ದೃಷ್ಟಿ ತಾಕಿತೆಂದು ಹೇಳುವವರುಂಟು. ಹಾಗಲ್ಲ, ಇದು ಹೆಚ್ಚಾಗಿ ರಕ್ತದ ಕೊರತೆಯ ಗುರುತು. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೂ, ಆರು ತಿಂಗಳಿನಿಂದ ಐದು ವರುಷದೊಳಗಿನ ಕೂಸುಗಳಲ್ಲಿ ನೂರಕ್ಕೆ 67ಕ್ಕೂ ಈ ಕೊರತೆ ಉಂಟೆಂದು ಕಂಡುಬಂತು. ಇಂಥ ತಾಯಿಗೆ ಹೆರಿಗೆಯಲ್ಲಿ ಪ್ರಾಣಾಪಾಯ ಹೆಚ್ಚು. ಇಂಥ ಕೂಸು ಶಾಲೆಗೆ ಹೋದರೂ ಬೇಗನೆ ದಣಿಯುವದು, ಪಾಠದಲ್ಲಿ ಹಿಂದೆ ಬೀಳುವದು.

ಜೋಳದ ರೊಟ್ಟಿ ನಮಗೆ ದುಡಿಯುವ ಬಲವನ್ನು ಕೊಡುತ್ತದೆ. ನಮ್ಮ ಜಿಲ್ಲೆಗೆ ಹೆಸರು ತಂದ ತೊಗರಿ ಮೈಯನ್ನು ಬೆಳೆಸುತ್ತದೆ. ಇವೆರಡೂ ಉತ್ತಮವಾದವುಗಳೇ. ಆದಾಗ್ಯೂ ಕಣ್ಣು, ಚರ್ಮ, ರಕ್ತ, ವಸಡು ಇವುಗಳನ್ನು ಕಾಯುವ ಜೀವಸತ್ವಗಳಲ್ಲಿ ಕೆಲವು ಜೋಳ ತೊಗರಿಗಳಲ್ಲಿ ಸಾಕಷ್ಟಿಲ್ಲ. ಅವು ಹಸಿರೆಲೆಯಲ್ಲಿಯೂ ಕಾಯಿಯಲ್ಲಿಯೂ ಹಣ್ಣಿನಲ್ಲಿಯೂ ಇವೆ. 1918ರಲ್ಲಿ ಕೂನೂರಿನಲ್ಲಿ ಚಿಕ್ಕದಾಗಿ ಆರಂಭವಾಗಿ 1958ರಲ್ಲಿ ನಮಗೆ ಸಮೀಪವಾದ ಹೈದರಾಬಾದಿಗೆ ಬಂದ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2017ರಲ್ಲಿ ನಮ್ಮ ದೇಶದ 528 ಆಹಾರ ಪದಾರ್ಥಗಳ ಸತ್ವವನ್ನು ಅಳೆದು ಪ್ರಕಟಿಸಿದರು. ಆಂಧ್ರದವರು ಗೋಂಗೂರವೆಂದು ಕರೆಯುವ ನಮ್ಮ ಪುಂಡಿಯ ಜಾತಿಯ ಎಲೆಯೂ ಆ ಪಟ್ಟಿಯಲ್ಲಿ ಉಂಟು.

2. ಸಮುದ್ರದಿಂದ ಒಂದು ದೃಷ್ಟಾಂತ

ಹಸಿಯ ಕಾಯಿಹಣ್ಣುಗಳಿಲ್ಲದೆ ಮನುಷ್ಯನಿಗೆ ಏನಾಗುವದೆಂಬದನ್ನು ಮೊದಲು ಚೆನ್ನಾಗಿ ಕಂಡವರು ಹಡಗಿನವರು. ತಿಂಗಳುಗಟ್ಟಲೆ ಒಣ ರೊಟ್ಟಿಯನ್ನೂ ಉಪ್ಪು ಹಾಕಿದ ಮಾಂಸವನ್ನೂ ಉಂಡ ನಾವಿಕರ ವಸಡುಗಳು ಬಾತು ರಕ್ತ ಸೋರುತ್ತಿತ್ತು; ಹಳೇ ಗಾಯಗಳು ಬಿರಿಯುತ್ತಿದ್ದವು; ಸಾವಿರಾರು ಮಂದಿ ಸತ್ತರು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯನು ಒಂದು ಹಡಗಿನಲ್ಲಿ ಈ ರೋಗದ 12 ಮಂದಿಯನ್ನು ಇಬ್ಬಿಬ್ಬರಾಗಿ ಆರು ಪಾಲು ಮಾಡಿ ಒಂದೊಂದು ಪಾಲಿಗೆ ಒಂದೊಂದು ಔಷಧವನ್ನು ಕೊಟ್ಟನು. ಕಿತ್ತಳೆಯನ್ನೂ ಲಿಂಬೆಯನ್ನೂ ತಿಂದ ಇಬ್ಬರು ಎಲ್ಲರಿಗಿಂತ ಬೇಗನೆ ಗುಣಹೊಂದಿದರು. ಕಣ್ಣಿಗೆ ಕಂಡ ಈ ಸತ್ಯವನ್ನು ಒಪ್ಪಿಕೊಳ್ಳುವದಕ್ಕೆ ದೊಡ್ಡವರಿಗೆ ಬಹು ಕಾಲ ಹಿಡಿಯಿತು. ಇಂಗ್ಲಿಷ್ ನೌಕಾದಳದವರು ನಾವಿಕರಿಗೆ ಲಿಂಬೆಯ ರಸ ಕೊಡಬೇಕೆಂದು ಆಜ್ಞೆ ಮಾಡಿದ್ದು 1795ರಲ್ಲಿ. ನಾವು ಸಹ ತಿಳಿದ ಮೇಲೆ ತಡಮಾಡಬಾರದು.

3. ಒಂದನ್ನೇ ನೆಚ್ಚಿದವರ ಗತಿ

ಐರ್ಲೆಂಡ್ ದೇಶದ ಬಡವರು ಬಟಾಟೆಯೊಂದನ್ನೇ ಬೆಳೆದು ಅದನ್ನೇ ಮೂರು ಹೊತ್ತು ಉಣ್ಣುತ್ತಿದ್ದರು. 1845ರಲ್ಲಿ ಆ ಬೆಳೆಗೆ ಕೊಳೆರೋಗ ಬಿತ್ತು. ಮುಂದಿನ ವರುಷಗಳಲ್ಲಿಯೂ ಬಿಡಲಿಲ್ಲ. ಸುಮಾರು ಹತ್ತು ಲಕ್ಷ ಜನರು ಹಸಿವೆಯಿಂದಲೂ ರೋಗದಿಂದಲೂ ಸತ್ತರು. ಅಷ್ಟೇ ಜನರು ದೇಶ ಬಿಟ್ಟುಹೋದರು. ಆ ಕಾಲದಲ್ಲಿ ಸಹ ಅಲ್ಲಿಂದ ಧಾನ್ಯವು ಹಡಗಿನಲ್ಲಿ ಹೊರದೇಶಕ್ಕೆ ಮಾರಾಟವಾಗಿ ಹೋಗುತ್ತಿತ್ತೆಂಬದನ್ನು ಮರೆಯಬೇಡಿರಿ. ಹೊಲದ ತುಂಬ ತೊಗರಿಯನ್ನೇ ಬಿತ್ತಿ ಬದುವಿನಲ್ಲಿ ಒಂದು ಸಾಲು ಪುಂಡಿಯನ್ನೂ ಇಡದವರು ಇದನ್ನು ಆಲೋಚಿಸಲಿ.

4. ಬಡವರ ಪಲ್ಲೆಯೆಂಬ ನಾಚಿಕೆ

ಮನೆಗೆ ನೆಂಟರು ಬಂದರೆ ಪುಂಡಿ ಪಲ್ಲೆಯ ಗಡಿಗೆಯನ್ನು ಮುಚ್ಚಿಟ್ಟು, ಸಾಲ ಮಾಡಿಯಾದರೂ ಬಟಾಟೆ ತಂದು ಬಡಿಸುವವರು ನಮ್ಮಲ್ಲಿದ್ದಾರೆ. ಪುಂಡಿ ಬಡವರದು, ಬಟಾಟೆ ದೊಡ್ಡವರದು ಎಂಬ ಭೇದ ಎಲ್ಲಿಂದ ಬಂತು? 1347ರಲ್ಲಿ ಬಹಮನಿ ಸುಲ್ತಾನನು ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡಾಗ ಆ ಕೋಟೆಯ ಅಡಿಗೆಮನೆಯಲ್ಲಿ ಬಟಾಟೆ ಇರಲಿಲ್ಲ, ಟೊಮಾಟೆ ಇರಲಿಲ್ಲ, ಮೆಣಸಿನಕಾಯಿಯೂ ಇರಲಿಲ್ಲ. ಈ ಮೂರೂ ಅಮೇರಿಕ ಖಂಡದವು. 1492ರಲ್ಲಿ ಕೊಲಂಬಸನು ಆ ಖಂಡದ ದಾರಿ ಕಂಡ ಮೇಲೆ ಅವು ಸಮುದ್ರ ದಾಟಿ, ಪೋರ್ತುಗೀಜರೇ ಮೊದಲಾದವರ ಕೈಯಿಂದ ನಮ್ಮ ದೇಶಕ್ಕೆ ಬಂದವು. ಖಾರವಿಲ್ಲದೆ ಊಟವಿಲ್ಲವೆನ್ನುವ ನಮಗೆ ಮೆಣಸಿನಕಾಯಿ ಪರದೇಶಿಯೆಂದು ತೋರುವದೇ?

ಜೋಳವೂ ಪುಂಡಿಯೂ ಆಫ್ರಿಕ ಖಂಡದಿಂದ ಬಂದವು. ಪುಂಡಿಯ ಜಾತಿಯ ಎಲೆಯನ್ನು ಅಲ್ಲಿನವರು ಈಗಲೂ ಬೇಯಿಸಿ ಉಣ್ಣುತ್ತಾರೆ. ಸೂಡಾನಿನವರು ಅದೇ ಜಾತಿಯ ಇನ್ನೊಂದು ಗಿಡದ ಕೆಂಪು ಹೂಪುಟದಿಂದ ಪಾನಕ ಮಾಡಿ ಅತಿಥಿಗಳಿಗೆ ಕೊಡುತ್ತಾರೆ. ನಮ್ಮ ಕಡೆಯ ಬದನೆಯೂ ಸೌತೆಯೂ ಪಶ್ಚಿಮ ದೇಶಗಳಿಗೆ ಹೋಗಿ ಅಲ್ಲಿನ ಅಡಿಗೆಯಲ್ಲಿ ಬೆರೆತಿವೆ. ಕೊರಿಯ ದೇಶದವರು ಚಳಿಗಾಲಕ್ಕಾಗಿ ಕೋಸನ್ನೂ ಮೂಲಂಗಿಯನ್ನೂ ಉಪ್ಪು ಖಾರದಲ್ಲಿ ಹುಳಿಬರಿಸಿ ಗಡಿಗೆಗಳಲ್ಲಿ ತುಂಬಿಡುತ್ತಾರೆ. ಹಿಂದೆ ಅರಸನ ಮನೆಯಲ್ಲಿಯೂ ಒಕ್ಕಲಿಗನ ಮನೆಯಲ್ಲಿಯೂ ಅದು ಇರುತ್ತಿತ್ತು. ಹೀಗಿರಲಾಗಿ ಕಾಯಿಪಲ್ಲೆಗೆ ಕುಲವಿಲ್ಲ. ಮನುಷ್ಯರೊಳಗಿನ ಮೇಲು ಕೀಳುಗಳಿಂದ ಬಹು ನೊಂದ ನಾವು ಗಡಿಗೆಯಲ್ಲಿ ಅದೇ ಭೇದವನ್ನು ಇಟ್ಟುಕೊಳ್ಳುವದು ಯೋಗ್ಯವೋ?

5. ಪುಂಡಿ ಪಲ್ಲೆ ಮಾಡುವ ಕ್ರಮ

ಎಲೆಗಳನ್ನು ಬಿಡಿಸಿ, ಹೆಚ್ಚುವ ಮುಂಚೆ ಮೂರು ನಾಲ್ಕು ಸಾರಿ ಶುದ್ಧ ನೀರಿನಲ್ಲಿ ತೊಳೆಯಿರಿ. ಹೆಚ್ಚಿದ ಮೇಲೆ ತೊಳೆದರೆ ಸತ್ವವು ನೀರಿನ ಕೂಡ ಹೋಗುವದು. ತೊಗರಿ ಬೇಳೆಯನ್ನೂ ಒಂದು ಹಿಡಿ ಜೋಳದ ನುಚ್ಚನ್ನೂ ಬೇಯಿಸಿ, ಅವು ಮೆತ್ತಗಾಗುವಾಗ ಎಲೆಯನ್ನೂ ಹಸಿ ಮೆಣಸಿನಕಾಯಿಯನ್ನೂ ಹಾಕಿ, ಬೆಂದ ಮೇಲೆ ಉಪ್ಪು ಹಾಕಿ ಮಸೆಯಿರಿ. ಎಣ್ಣೆಯಲ್ಲಿ ಬೆಳ್ಳುಳ್ಳಿಯ ಒಗ್ಗರಣೆ ಕೊಡಿರಿ. ಎಣ್ಣೆ ಕೇವಲ ರುಚಿಗಲ್ಲ. ಕಣ್ಣಿಗೆ ಹಿತವಾದ ಎಲೆಯ ಸತ್ವವು ಎಣ್ಣೆಯ ಸಂಗಡ ಮೈಗೆ ಹತ್ತುವದು.

ಇದರಲ್ಲಿ ಜ್ಞಾಪಕದಲ್ಲಿಡತಕ್ಕ ಮಾತುಗಳು ಐದು:

ಒಂದನೆಯದು, ಹುಳಿ ಹೆಚ್ಚೆಂದು ಎಲೆ ಬೆಂದ ನೀರನ್ನು ಚೆಲ್ಲಬೇಡಿರಿ. ಬೇಳೆಯನ್ನು ಹೆಚ್ಚಿಸಿರಿ, ಇಲ್ಲವೆ ಆ ನೀರಿನಿಂದ ಸಾರು ಮಾಡಿರಿ.

ಎರಡನೆಯದು, ಬೇಗ ಬೇಯಲೆಂದು ಅಡಿಗೆ ಸೋಡ ಹಾಕಬೇಡಿರಿ. ಅದು ಜೀವಸತ್ವವನ್ನು ಕೆಡಿಸುವದು.

ಮೂರನೆಯದು, ಕಲಾಯಿ ಇಲ್ಲದ ತಾಮ್ರ ಹಿತ್ತಾಳೆಗಳಲ್ಲಿ ಹುಳಿಯ ಅಡಿಗೆ ವಿಷವಾಗುವದು. ಮಣ್ಣಿನ ಗಡಿಗೆ ಒಳ್ಳೇದು. ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಪಲ್ಲೆ ಕಪ್ಪಾದರೂ ಸ್ವಲ್ಪ ಕಬ್ಬಿಣದ ಅಂಶವು ಅದರಲ್ಲಿ ಇಳಿಯುವದು. ಬೆಂದ ಕೂಡಲೆ ಬೇರೆ ಪಾತ್ರೆಗೆ ತೆಗೆಯಿರಿ.

ನಾಲ್ಕನೆಯದು, ಎಲೆಯಲ್ಲಿರುವ ಕಬ್ಬಿಣದ ಅಂಶವು ಮಾಂಸದಲ್ಲಿರುವದರಷ್ಟು ಸುಲಭವಾಗಿ ಮೈಗೆ ಹತ್ತದು. ಲಿಂಬೆಯ ರಸ, ಪೇರಲ ಹಣ್ಣು ಇವುಗಳಲ್ಲಿ ಒಂದು ಊಟದ ಕೂಡ ಇದ್ದರೆ ಅದು ಹೆಚ್ಚಾಗಿ ಹತ್ತುವದು.

ಐದನೆಯದು, ಉಂಡ ಕೂಡಲೆ ಚಹ ಕುಡಿಯಬೇಡಿರಿ. ಚಹವು ಕಬ್ಬಿಣದ ಅಂಶವನ್ನು ಮೈಗೆ ಹತ್ತಗೊಡದು. ಒಂದು ತಾಸಾದರೂ ತಾಳಿರಿ.

6. ಪಲ್ಲೆಯಿಂದ ಆಗದ ಕೆಲಸ

ಸತ್ಯವನ್ನು ಹೇಳಬೇಕಾದರೆ, ರಕ್ತ ಬಹಳ ಕಡಿಮೆಯಾದವರಿಗೆ ಪಲ್ಲೆಯೊಂದೇ ಸಾಲದು. ಅಂಥವರು, ಮುಖ್ಯವಾಗಿ ಬಸುರಿಯರು, ಸರಕಾರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು, ಅಲ್ಲಿ ಹಣವಿಲ್ಲದೆ ಕೊಡುವ ಕಬ್ಬಿಣದ ಗುಳಿಗೆಗಳನ್ನು ಹೇಳಿದ ಪ್ರಕಾರ ನುಂಗಬೇಕು. ಗುಳಿಗೆಯಿಂದ ಮಲ ಕಪ್ಪಾಗುವದು, ಹೊಟ್ಟೆ ತೊಳಸುವದುಂಟು. ಅದಕ್ಕೆ ಅಂಜಿ ಬಿಸಾಡಬಾರದು, ಆಶಾ ಕಾರ್ಯಕರ್ತೆಗೆ ತಿಳಿಸಬೇಕು. ಹೊಟ್ಟೆಯ ಹುಳಗಳಿಂದಲೂ ಮಕ್ಕಳ ರಕ್ತ ಕುಂದುವದು. ಅದಕ್ಕೂ ಔಷಧ ಅಲ್ಲಿಯೇ ಉಂಟು. ಮೂತ್ರಪಿಂಡದಲ್ಲಿ ಕಲ್ಲಿರುವವರು ಪಾಲಕ, ರಾಜಗಿರಿಗಳನ್ನು ವೈದ್ಯರನ್ನು ಕೇಳಿ ಉಣ್ಣಲಿ.

7. ಮಾಡತಕ್ಕದ್ದೇನು?

ಒಬ್ಬ ದೊಡ್ಡವನಿಗೆ ದಿನಕ್ಕೆ ಕಾಯಿಪಲ್ಲೆ ಹಣ್ಣುಗಳೆಲ್ಲ ಕೂಡಿ ಕಡಿಮೆ ಪಕ್ಷ 400 ಗ್ರಾಮು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಇಷ್ಟನ್ನು ಕೊಂಡು ಉಣ್ಣುವದು ಕೂಲಿಯ ಮನೆಗೆ ಕಷ್ಟ. ಆದರೂ ಬಚ್ಚಲ ನೀರು ಹರಿಯುವ ಕಡೆ ಒಂದು ನುಗ್ಗೆಯ ಗಿಡವನ್ನು ನೆಡುವದಕ್ಕೆ ರೊಕ್ಕ ಬೇಡ. ಒಂದು ಕೊಂಬೆ ಸಾಕು. ಬದುವಿನಲ್ಲಿ ಪುಂಡಿ, ಮಳೆಗಾಲದಲ್ಲಿ ತಾನಾಗಿ ಹುಟ್ಟುವ ಗೋಳಿ ಪಲ್ಲೆ, ಹಿಂಗಾರಿಯಲ್ಲಿ ಕಡಲೆಯ ಕುಡಿ, ರೊಟ್ಟಿಯ ಕೂಡ ಹಸಿಯಾಗಿ ತಿನ್ನುವ ಹಕ್ಕರಕಿ, ಇವು ನಮ್ಮ ಕಾಲ ಕೆಳಗೇ ಇವೆ. ಇವುಗಳನ್ನು ಗುರುತಿಸಬಲ್ಲ ಅಜ್ಜಿಯರು ಇನ್ನೂ ಊರುಗಳಲ್ಲಿದ್ದಾರೆ. ಅವರು ಇರುವಾಗಲೇ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಅವರ ಸಂಗಡ ಹೊಲಕ್ಕೆ ಹೋಗಿ ಕಲಿತುಕೊಳ್ಳಲಿ. ಔಷಧ ಹೊಡೆದ ಹೊಲದ ಪಲ್ಲೆಯನ್ನು ಮಾತ್ರ ಕೊಯ್ಯಬಾರದು.

ನಮ್ಮ ಸೀಮೆಯ ಒಕ್ಕಲಿಗರು ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಕೂತು, ಸಿಕ್ಕಿದ ಕಾಯಿಗಳನ್ನೂ ಪಲ್ಲೆಗಳನ್ನೂ ಹಸಿ ಕಾಳುಗಳನ್ನೂ ಒಂದೇ ಗಡಿಗೆಯಲ್ಲಿ ಬೇಯಿಸಿದ ಭಜ್ಜಿಯನ್ನು ಸಜ್ಜೆಯ ರೊಟ್ಟಿಯ ಕೂಡ ಉಣ್ಣುತ್ತಾರೆ. ಅಡಿಗೆಯ ಮಟ್ಟಿಗೆ ಹೇಳುವದಾದರೆ ವೈದ್ಯರು ಹೇಳುವದೆಲ್ಲ ಆ ಒಂದು ಗಡಿಗೆಯಲ್ಲಿ ಉಂಟು. ವರುಷಕ್ಕೊಂದು ದಿನ ತಿಳಿದ ಈ ಜಾಣತನವು ಮಿಕ್ಕ ದಿನಗಳಲ್ಲಿಯೂ ಇರಲಿ.

ಆದಕಾರಣ, ಸಹೋದರಿಯರೇ, ನಾಳೆ ಕಟ್ಟುಗಳನ್ನು ಬುಟ್ಟಿಗೆ ತುಂಬುವಾಗ ಮೊದಲನೆಯ ಕಟ್ಟನ್ನು ಮನೆಯ ಗಡಿಗೆಗೆ ತೆಗೆದಿಟ್ಟು ಮಿಕ್ಕವುಗಳನ್ನು ಮಾರಿರಿ. ಸಹೋದರರೇ, ಹೆಂಡತಿಯೂ ಸೊಸೆಯೂ ಎಲ್ಲರಿಗೂ ಬಡಿಸಿ ಗಡಿಗೆಯ ತಳವನ್ನು ಉಣ್ಣುವ ಪದ್ಧತಿಯನ್ನು ಬಿಡಿಸಿರಿ; ಯಾಕಂದರೆ ಮನೆಯಲ್ಲಿ ಪಲ್ಲೆ ಎಲ್ಲರಿಗಿಂತ ಹೆಚ್ಚು ಬೇಕಾದವಳಿಗೇ ಅದು ಉಳಿಯದೆ ಹೋಗುತ್ತದೆ. ಎಲ್ಲರೂ ಕೂಡಿ ಕೂತು ಉಣ್ಣಿರಿ.

ಪ್ರಶ್ನೆಗಳು

1. ರಕ್ತದ ಕೊರತೆಯ ಗುರುತುಗಳು ಯಾವವು?
2. ಲಿಂಡ್ ವೈದ್ಯನು ನಾವಿಕರಲ್ಲಿ ಏನನ್ನು ಕಂಡನು?
3. 1347ರಲ್ಲಿ ಕಲಬುರಗಿಯ ಅಡಿಗೆಮನೆಯಲ್ಲಿ ಇಲ್ಲದ ಮೂರು ಪದಾರ್ಥಗಳನ್ನು ಹೇಳಿರಿ.
4. ಪಲ್ಲೆಯನ್ನು ಹೆಚ್ಚುವ ಮುಂಚೆಯೇ ಯಾಕೆ ತೊಳೆಯಬೇಕು? ಉಂಡ ಕೂಡಲೆ ಚಹ ಯಾಕೆ ಬಾರದು?
5. ನಿನ್ನೆ ನಿಮ್ಮ ಮನೆಯಲ್ಲಿ ಕೊನೆಗೆ ಉಂಡವರು ಯಾರು? ಅವರಿಗೆ ಪಲ್ಲೆ ಎಷ್ಟು ಉಳಿದಿತ್ತು?