ವಾಹನದ ಅಚ್ಚಿಗೂ ಉಸಿರು ಬೇಕು

ಎತ್ತಿನ ಗಾಡಿಯು ಹಳ್ಳವನ್ನು ದಾಟಿ ದಡ ಸೇರಿದ ಮೇಲೆ ಗಾಡಿಯವನು ಮಾಡುತ್ತಿದ್ದ ಕೆಲಸವೊಂದನ್ನು ಹಿರಿಯ ವಾಚಕರು ಬಲ್ಲರು. ಅವನು ಗಾಲಿಯನ್ನು ನೋಡಿ, ನೀರು ತೊಳೆದುಕೊಂಡು ಹೋದ ಕೀಲೆಣ್ಣೆಗೆ ಬದಲಾಗಿ ಹೊಸದನ್ನು ಸವರುತ್ತಿದ್ದನು. ಅಚ್ಚು ಕಣ್ಣಿಗೆ ಕಾಣುವಂತಿತ್ತು. ಎಣ್ಣೆ ಆರಿದರೆ ಗಾಲಿಯೇ ಕಿರುಗುಟ್ಟಿ ತಿಳಿಸುತ್ತಿತ್ತು. ಇಂದಿನ ಮೋಟಾರು ವಾಹನದ ಸ್ಥಿತಿ ಹಾಗಲ್ಲ. ಅದರ ಅಚ್ಚು ಮುಚ್ಚಿದ ಲೋಹದ ಕವಚದೊಳಗೆ ತಿರುಗುತ್ತದೆ. ಅಲ್ಲಿಗೆ ನೀರು ಸೇರಿದರೆ ಆ ಕ್ಷಣದಲ್ಲಿ ಯಾವ ಸುಳಿವೂ ಸಿಕ್ಕುವುದಿಲ್ಲ. ವಾರಗಳು ಕಳೆದು ವಾಹನದ ಹಿಂಬದಿಯಿಂದ ಗೊರಗೊರ ಸದ್ದು ಕೇಳಿಬಂದಾಗ, ನೀರು ದಾಟಿದ ದಿನವನ್ನು ನಾವು ಮರೆತಿರುತ್ತೇವೆ. ತಪ್ಪನ್ನು ಎಣ್ಣೆಯ ಮೇಲೋ ಮೆಕ್ಯಾನಿಕ್ಕಿನ ಮೇಲೋ ಹೊರಿಸುತ್ತೇವೆ.

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಸೀಮೆಯವರಿಗೆ ಇದು ದೂರದ ಮಾತಲ್ಲ. ಕೇರಳದ ವಯನಾಡಿನಲ್ಲಿ ಮಳೆ ಬಲಿತರೆ ಕಬಿನಿ ಜಲಾಶಯದ ಬಾಗಿಲುಗಳು ತೆರೆಯುತ್ತವೆ. ಆ ನೀರು ನಂಜನಗೂಡನ್ನು ಹಾಯ್ದು, ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. 2019ರ ಆಗಸ್ಟ್ ತಿಂಗಳಿನ ಪ್ರವಾಹದಲ್ಲಿ ನಂಜನಗೂಡಿನ ಬಳಿ, ಮಲ್ಲನಮೂಲೆ ಮಠದ ಸಮೀಪ, ಮೈಸೂರು–ಊಟಿ ಹೆದ್ದಾರಿಯ ಮೇಲೆಯೇ ನೀರು ಹರಿದು ಸಂಚಾರ ನಿಂತುಹೋಯಿತು. ಇಂತಹ ದೊಡ್ಡ ನೆರೆ ಬಾರದ ವರ್ಷದಲ್ಲಿಯೂ ಜೀಪು, ಪಿಕಪ್ ಮತ್ತು ಟ್ರ್ಯಾಕ್ಟರುಗಳು ಕಾಲುವೆಯ ದಾರಿಯಲ್ಲಿ, ಹಳ್ಳದಲ್ಲಿ, ಭತ್ತದ ಕೆಸರುಗದ್ದೆಯಲ್ಲಿ ಅಚ್ಚಿನವರೆಗೆ ಮುಳುಗುವುದುಂಟು. ಹೀಗೆ ಮುಳುಗಿದ ಅಚ್ಚಿನೊಳಕ್ಕೆ ನೀರು ಹೇಗೆ ಸೇರುತ್ತದೆ, ಅದನ್ನು ತಡೆಯುವ ಬಗೆ ಏನು ಎಂಬುದನ್ನು ವಿಚಾರಮಾಡೋಣ.

ಕವಚದೊಳಗೆ ಏನಿದೆ?

ಎತ್ತಿನ ಗಾಡಿಯ ಎರಡು ಗಾಲಿಗಳೂ ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುತ್ತವೆ. ಮೋಟಾರು ವಾಹನದಲ್ಲಾದರೋ ಯಂತ್ರವು ಎರಡು ಚಕ್ರಗಳನ್ನೂ ತಿರುಗಿಸಬೇಕು. ಆದರೆ ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಉರುಳಬೇಕು. ಚಕ್ರಗಳ ನಡುವಿನ ಅಂತರ 1.4 ಮೀಟರ್ ಇದ್ದರೆ, ವಾಹನವು ಅರ್ಧ ಸುತ್ತು ತಿರುಗಿ ಬಂದ ದಿಕ್ಕಿಗೇ ಮುಖ ಮಾಡುವಷ್ಟರಲ್ಲಿ ಹೊರಚಕ್ರವು ಒಳಚಕ್ರಕ್ಕಿಂತ ಸುಮಾರು 4.4 ಮೀಟರ್ ಹೆಚ್ಚು ಉರುಳಿರುತ್ತದೆ. ಈ ವ್ಯತ್ಯಾಸಕ್ಕೆ ಎಡೆಮಾಡಿಕೊಡುವ ಹಲ್ಲುಚಕ್ರಗಳ ಜೋಡಣೆಯೇ ಡಿಫರೆನ್ಷಿಯಲ್. ಹಿಂದಿನ ಅಚ್ಚಿನ ನಡುವೆ ಕಾಣುವ ಗುಂಡನೆಯ ಉಬ್ಬು ಅದರ ಮನೆ.

ಈ ಚಕ್ರಗಳ ಹಲ್ಲುಗಳು ಒಂದರ ಮೇಲೊಂದು ಉರುಳುವುದು ಮಾತ್ರವಲ್ಲದೆ ಭಾರಿ ಒತ್ತಡದಲ್ಲಿ ಜಾರುತ್ತಲೂ ಇರುತ್ತವೆ. ಅವುಗಳ ನಡುವೆ ನಿಂತು ಲೋಹ ಲೋಹವನ್ನು ತಿನ್ನದಂತೆ ಕಾಯುವುದು ಗೇರ್ ಎಣ್ಣೆಯ ತೆಳುವಾದ ಪೊರೆಯೊಂದೇ. ಎಣ್ಣೆಯು ಕವಚದ ತಳಭಾಗದಲ್ಲಿರುತ್ತದೆ. ಅದರ ಮೇಲಿನ ಎಡೆಯನ್ನೆಲ್ಲ ಗಾಳಿ ತುಂಬಿರುತ್ತದೆ. ನಮ್ಮ ಕಥೆಗೆ ಮುಖ್ಯವಾದುದು ಈ ಗಾಳಿಯೇ.

ವಾಹನ ಓಡಿದಂತೆ ಎಣ್ಣೆ ಬಿಸಿಯಾಗುತ್ತದೆ, ಗಾಳಿ ಹಿಗ್ಗುತ್ತದೆ. ಹಿಗ್ಗಿದ ಗಾಳಿಗೆ ದಾರಿಯಿಲ್ಲದಿದ್ದರೆ ಒಳಗಿನ ಒತ್ತಡ ಏರಿ, ಚಕ್ರದ ಬಳಿಯ ಆಯಿಲ್ ಸೀಲುಗಳ ಮೂಲಕ ಎಣ್ಣೆ ಹೊರಕ್ಕೆ ಜಿನುಗುತ್ತದೆ. ಆದುದರಿಂದ ಕವಚದ ಮೇಲ್ಭಾಗದಲ್ಲಿ ಒಂದು ಸಣ್ಣ ರಂಧ್ರವನ್ನಿಟ್ಟು, ಅದಕ್ಕೆ ಟೋಪಿಯಂತಹ ಮುಚ್ಚಳವನ್ನು ಕೂರಿಸಿರುತ್ತಾರೆ. ಇದಕ್ಕೆ ಬ್ರೀದರ್ ಎಂದು ಹೆಸರು. ಉಸಿರುಗಂಡಿ ಎಂದರೂ ಸಲ್ಲುತ್ತದೆ.

ನೀರನ್ನು ಎಳೆದುಕೊಳ್ಳುವುದು ಅಚ್ಚೇ

ನೀರು ತನ್ನ ಬಲದಿಂದಲೇ ಒಳನುಗ್ಗುತ್ತದೆಂದು ನಾವು ತಿಳಿಯುವುದು ಸಹಜ. ಆದರೆ ಅರ್ಧ ಮೀಟರ್ ಆಳದ ನೀರಿನ ಒತ್ತಡ ವಾಯುಮಂಡಲದ ಒತ್ತಡದ ಇಪ್ಪತ್ತನೆಯ ಒಂದು ಪಾಲು ಮಾತ್ರ. ಅದಕ್ಕಿಂತ ಬಲವಾದ ಸೆಳೆತ ಕವಚದ ಒಳಗಿನಿಂದಲೇ ಹುಟ್ಟಬಲ್ಲುದು.

ದೂರ ಓಡಿ ಬಂದ ಒಂದು ಪಿಕಪ್ಪಿನ ಅಚ್ಚು 87 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಿದೆ ಎಂದಿಟ್ಟುಕೊಳ್ಳೋಣ; ಹಳ್ಳದ ನೀರು 27 ಡಿಗ್ರಿಯಷ್ಟಿರಲಿ. ಅನಿಲಗಳ ಲೆಕ್ಕಕ್ಕೆ ತಾಪವನ್ನು ನಿರಪೇಕ್ಷ ಶೂನ್ಯದಿಂದ, ಎಂದರೆ ಸೊನ್ನೆ ಡಿಗ್ರಿಗಿಂತ 273 ಡಿಗ್ರಿ ಕೆಳಗಿನಿಂದ, ಎಣಿಸಬೇಕು. ಹಾಗೆ ಎಣಿಸಿದರೆ ಇವು 360 ಮತ್ತು 300 ಆಗುತ್ತವೆ. ಆದುದರಿಂದ ಒಳಗಿನ ಗಾಳಿ ನೀರಿನಷ್ಟೇ ತಣ್ಣಗಾದರೆ ಅದರ ಗಾತ್ರ ಆರನೆಯ ಒಂದು ಪಾಲು ಕುಗ್ಗಬೇಕು. ಕುಗ್ಗಲು ಆಸ್ಪದವಿಲ್ಲದಿದ್ದರೆ ಒತ್ತಡವು ಅಷ್ಟೇ ಪಾಲು ಇಳಿಯುತ್ತದೆ. ಈ ಇಳಿತವು 1.7 ಮೀಟರ್ ಎತ್ತರದ ನೀರಿನ ಕಂಬವನ್ನು ಎತ್ತಿ ನಿಲ್ಲಿಸಬಲ್ಲುದು!

ಕವಚದಲ್ಲಿ ಮೂರು ಲೀಟರ್ ಗಾಳಿಯಿದ್ದು ಉಸಿರುಗಂಡಿಯು ನೀರಿನಲ್ಲಿ ಮುಳುಗಿದ್ದರೆ, ಕುಗ್ಗಿದ ಅರ್ಧ ಲೀಟರ್ ಜಾಗವನ್ನು ತುಂಬಲು ನೀರೇ ಒಳಬರುತ್ತದೆ. ದಪ್ಪ ಲೋಹ ಅಷ್ಟು ಬೇಗ ಪೂರ್ತಿ ಆರುವುದಿಲ್ಲವೆಂಬುದು ನಿಜ. ಆದರೆ ಗಾಳಿಯ ತಾಪ 20 ಡಿಗ್ರಿ ಇಳಿದರೂ ಸಾಕು, ಒಂದೂವರೆ ನೂರು ಮಿಲಿಲೀಟರಿಗೂ ಹೆಚ್ಚಿನ ನೀರು, ಎಂದರೆ ಒಂದು ಲೋಟ ಕಾಫಿಯಷ್ಟು, ಎಣ್ಣೆಯೊಂದಿಗೆ ಸೇರಿಹೋಗುತ್ತದೆ. ಕೆಲವು ಬ್ರೀದರುಗಳು ಗಾಳಿಯನ್ನು ಹೊರಕ್ಕೆ ಮಾತ್ರ ಬಿಡುತ್ತವೆ. ಕೆಲವು ಕೆಸರು ಮೆತ್ತಿ ಕಟ್ಟಿಕೊಂಡಿರುತ್ತವೆ. ಆಗ ಸೆಳೆತವೆಲ್ಲ ಸೀಲುಗಳ ಮೇಲೆ ಬೀಳುತ್ತದೆ. ಸೀಲಿನ ಮುಖ್ಯ ತುಟಿಯು ಒಳಗಿನ ಎಣ್ಣೆಯನ್ನು ತಡೆಯಲೆಂದು ಒಳಮುಖವಾಗಿರುವುದರಿಂದ, ಹೊರಗಿನ ನೀರಿಗೆ ಅದು ಸುಲಭವಾಗಿ ದಾರಿ ಬಿಡುತ್ತದೆ.

ಮನೆಯಲ್ಲಿಯೇ ಮಾಡಬಹುದಾದ ಪ್ರಯೋಗ

ವಾಚಕರು ಇದನ್ನು ಪರೀಕ್ಷಿಸಿ ನೋಡಬಹುದು. ಒಂದು ಬಾಟಲಿಗೆ ಬಿಸಿನೀರನ್ನು ಹಾಕಿ, ಅದು ಚೆನ್ನಾಗಿ ಬೆಚ್ಚಗಾದ ಮೇಲೆ ನೀರನ್ನು ಚೆಲ್ಲಿ, ಒಡನೆಯೇ ತಟ್ಟೆಯಲ್ಲಿನ ತಣ್ಣೀರಿನೊಳಕ್ಕೆ ಬಾಯಿ ಮುಳುಗುವಂತೆ ಬೋರಲು ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ತಟ್ಟೆಯ ನೀರು ಬಾಟಲಿಯ ಕತ್ತಿನೊಳಕ್ಕೆ ಏರುತ್ತದೆ. ಈಗ ತೆಳುವಾದ ರಬ್ಬರ್ ನಳಿಗೆಯ ಒಂದು ತುದಿಯನ್ನು ಬಾಟಲಿಯೊಳಗೆ ನೀರಿಗೆ ಸೋಕದಷ್ಟು ಮೇಲಕ್ಕೆ ತೂರಿಸಿ, ಇನ್ನೊಂದು ತುದಿಯನ್ನು ಹೊರಗೆ ಎತ್ತಿ ಹಿಡಿದು, ಅದೇ ಪ್ರಯೋಗವನ್ನು ಮತ್ತೆ ಮಾಡಿ. ಈ ಸಲ ನೀರು ಹೊರಗಿನ ಮಟ್ಟಕ್ಕಿಂತ ಮೇಲೇರುವುದಿಲ್ಲ. ಕುಗ್ಗಿದ ಜಾಗಕ್ಕೆ ನಳಿಗೆಯಿಂದ ಗಾಳಿಯೇ ಬಂದು ತುಂಬಿತಲ್ಲವೆ?

ಉಸಿರುನಳಿಗೆಯನ್ನು ಎತ್ತರಿಸುವುದು

ಪರಿಹಾರವೂ ಈ ಪ್ರಯೋಗದಲ್ಲಿಯೇ ಇದೆ. ಕವಚದ ಮೇಲಿನ ಬ್ರೀದರನ್ನು ತೆಗೆದು, ಅದೇ ರಂಧ್ರಕ್ಕೆ ಹೊಂದುವ ತಿರುಪಿನ ಮೂತಿಯನ್ನು ಕೂರಿಸಿ, 6ರಿಂದ 8 ಮಿಲಿಮೀಟರ್ ಒಳವ್ಯಾಸದ, ಎಣ್ಣೆಗೆ ಕರಗದ ರಬ್ಬರ್ ನಳಿಗೆಯನ್ನು ಜೋಡಿಸುತ್ತಾರೆ. ಅದರ ಮೇಲ್ತುದಿಯನ್ನು ಬಾನೆಟ್ಟಿನ ಕೆಳಗೆ, ಎಂಜಿನ್ ಕೋಣೆಯ ಎತ್ತರದ ಜಾಗದಲ್ಲಿ ಬಿಗಿಯುತ್ತಾರೆ. ಹೊಳೆ ದಾಟಲೆಂದೇ ಮಾಡಿದ ಸೈನ್ಯದ ವಾಹನಗಳಲ್ಲಿ ಅನುಸರಿಸುವ ತತ್ತ್ವವೂ ಇದೇ. ಕೆಲವು ಜೀಪುಗಳಲ್ಲಿ ಇಂತಹ ನಳಿಗೆ ಮೊದಲಿನಿಂದಲೇ ಇರುತ್ತದೆ. ಅದರ ತುದಿ ಎಲ್ಲಿಯವರೆಗೆ ಏರಿದೆ ಎಂಬುದನ್ನು ನೋಡಿಕೊಳ್ಳಬೇಕು.

ಕೆಲಸ ಚಿಕ್ಕದಾದರೂ ಕೆಲವು ಎಚ್ಚರಗಳು ಅವಶ್ಯ. ಅಚ್ಚು ಏರಿಳಿಯುತ್ತಲೇ ಇರುವುದರಿಂದ ನಳಿಗೆ ಬಿಗಿಯಾಗಿರದೆ ಸಾಕಷ್ಟು ಸಡಿಲವಾಗಿರಬೇಕು. ಆದರೆ ನಡುವೆ ಎಲ್ಲಿಯೂ ಜೋತುಬೀಳಬಾರದು. ಜೋತ ಕಡೆ ಎಣ್ಣೆಯೂ ತೇವವೂ ನಿಂತು ಉಸಿರು ಕಟ್ಟುತ್ತದೆ. ಸೈಲೆನ್ಸರಿನ ಬಿಸಿ ಅದಕ್ಕೆ ತಾಗಬಾರದು. ಮೇಲ್ತುದಿ ಕೆಳಮುಖವಾಗಿದ್ದು, ಧೂಳು ಹೋಗದಂತೆ ಸಣ್ಣ ಫಿಲ್ಟರ್ ಇರಬೇಕು. ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವ ವಾಹನದಲ್ಲಿ ಮುಂದಿನ ಅಚ್ಚಿಗೂ ಇದೇ ಏರ್ಪಾಡು ಬೇಕು. ಗದ್ದೆಗೆ ಇಳಿಯುವ ಇಂತಹ ಟ್ರ್ಯಾಕ್ಟರಿನ ಮುಂದಿನ ಅಚ್ಚಂತೂ ಕೆಸರಿಗೆ ತೀರ ಸಮೀಪದಲ್ಲಿರುತ್ತದೆ. ಅದರ ಉಸಿರುಗಂಡಿಯನ್ನು ಆಗಾಗ ಶುಚಿಮಾಡಬೇಕು.

ನೀರು ಸೇರಿದುದನ್ನು ತಿಳಿಯುವ ಬಗೆ

ನೀರು ಎಣ್ಣೆಗಿಂತ ಭಾರವಾದುದು. ವಾಹನವನ್ನು ಸಮನಾದ ನೆಲದ ಮೇಲೆ ಒಂದು ರಾತ್ರಿ ನಿಲ್ಲಿಸಿ, ಬೆಳಗ್ಗೆ ಕವಚದ ತಳದ ತಿರುಪನ್ನು ತುಸುವೇ ಸಡಿಲಿಸಿದರೆ, ನೀರಿದ್ದ ಪಕ್ಷದಲ್ಲಿ ಅದೇ ಮೊದಲು ತೊಟ್ಟಿಕ್ಕಬಹುದು. ನೀರು ಸೇರಿದ ಮೇಲೆ ವಾಹನ ಓಡಿದ್ದರೆ ಎರಡೂ ಕಡೆದು ಬೆರೆತು, ಎಣ್ಣೆಯು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಸಂಶಯವಿದ್ದರೆ ಒಂದೇ ಒಂದು ತೊಟ್ಟು ಎಣ್ಣೆಯನ್ನು, ಒಲೆಯಿಂದ ಇಳಿಸಿದ ಕಾದ ತಗಡಿನ ಮೇಲೆ ದೂರದಿಂದ ಬಿಟ್ಟು ನೋಡಬಹುದು. ನೀರಿನಂಶವಿದ್ದರೆ ಒದ್ದೆಯ ಕರಿಬೇವು ಒಗ್ಗರಣೆಗೆ ಬಿದ್ದಂತೆ ಚಟಪಟ ಸಿಡಿಯುತ್ತದೆ. ಸಾವಿರದಲ್ಲಿ ಒಂದು ಪಾಲು ನೀರಿದ್ದರೂ ಬೇರಿಂಗುಗಳ ಬಾಳಿಕೆ ಕುಗ್ಗುತ್ತದೆ. ಆದುದರಿಂದ ಇಂತಹ ಎಣ್ಣೆಯನ್ನು ತಡಮಾಡದೆ ಪೂರ್ತಿ ಇಳಿಸಿ ಹೊಸದನ್ನು ತುಂಬಬೇಕು. ಈ ಖರ್ಚು ಹಲ್ಲುಚಕ್ರಗಳ ಬೆಲೆಯ ಮುಂದೆ ಅತ್ಯಲ್ಪ.

ನಳಿಗೆಯ ಮಿತಿ

ಎತ್ತರಿಸಿದ ನಳಿಗೆಯು ಒಳಗಿನ ಸೆಳೆತವನ್ನು ಇಲ್ಲವಾಗಿಸುತ್ತದೆ. ಹೊರಗಿನ ನೀರಿನ ಒತ್ತಡವನ್ನಲ್ಲ. ಸವೆದ ಸೀಲಿನ ಮೂಲಕ ನೀರು ಆಗಲೂ ಒಳಬರಬಲ್ಲುದು. ನೀರಿಗಿಳಿಯುವ ಮೊದಲು ಕೆಲವು ನಿಮಿಷ ನಿಂತು ಅಚ್ಚನ್ನು ಆರಗೊಡುವುದು ಒಳ್ಳೆಯದು.

ಇದಕ್ಕಿಂತ ದೊಡ್ಡ ಮಿತಿ ಇನ್ನೊಂದಿದೆ. ನಾಲ್ಕು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ವಾಹನವೊಂದರ ತೂಕ 1500 ಕಿಲೋಗ್ರಾಂ ಎನ್ನೋಣ. ಅದರ ಒಳಕ್ಕೆ ನೀರು ನುಗ್ಗುವ ಮೊದಲೇ ಹೊರಗಿನ ನೀರು ತಳಹಲಗೆಗಿಂತ 25 ಸೆಂಟಿಮೀಟರ್ ಮೇಲೇರಿದರೆ, ವಾಹನವು ಪಕ್ಕಕ್ಕೆ ಸರಿಸಿದ ನೀರಿನ ತೂಕವೂ 1500 ಕಿಲೋಗ್ರಾಂ ಆಗುತ್ತದೆ. ಆಗ ಚಕ್ರಗಳಿಗೆ ನೆಲದ ಹಿಡಿತವೇ ಉಳಿಯುವುದಿಲ್ಲ. ಹರಿಯುವ ನೀರಿನಲ್ಲಿ ಅದು ಕೊಚ್ಚಿಹೋಗಲು ಇಷ್ಟು ಆಳವೂ ಬೇಕಾಗುವುದಿಲ್ಲ. ನಿಂತ ನೀರನ್ನು, ಆಳ ತಿಳಿದ ಹಳ್ಳವನ್ನು ದಾಟುವಾಗ ಯಂತ್ರವನ್ನು ಕಾಪಾಡುವುದಷ್ಟೇ ಉಸಿರುನಳಿಗೆಯ ಕೆಲಸ. ಕಬಿನಿ ತುಂಬಿ ರಸ್ತೆಯ ಮೇಲೆ ಹರಿಯುತ್ತಿರುವಾಗ, ಎಂತಹ ನಳಿಗೆಯಿದ್ದರೂ, ದಡದಲ್ಲಿಯೇ ವಾಹನವನ್ನು ನಿಲ್ಲಿಸಿ ನೀರು ಇಳಿಯುವವರೆಗೆ ಕಾಯತಕ್ಕದ್ದು.